ಹೋಲಿಕೆಗೆ ಕೊಟ್ಟ ರಕ್ತ

ಲ್ಯಾಬಿನಲ್ಲಿ ಅವಳು ಎಲ್ಲರಿಗೂ ಮೇಡಂ. ತಲೆಗೂದಲು ಅರ್ಧ ಬೆಳ್ಳಗಾಗಿದ್ದರೂ ಅಣ್ಣನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ. ಅಪ್ಪ, ಅಮ್ಮ ಇಬ್ಬರೂ ಹೋದಮೇಲೆ ಆ ಹೆಸರು ಹಿಡಿದು ಕರೆಯುವವನು ಅವನೊಬ್ಬನೇ ಉಳಿದಿದ್ದ.

ಅಣ್ಣ ಕಾರು ಓಡಿಸುವುದನ್ನು ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು, "ನಿಧಾನ, ನಿಧಾನ" ಎನ್ನುತ್ತ ಅರ್ಧ ಊರಿನ ಕೈಗೆ ಸ್ಟಿಯರಿಂಗ್ ಕೊಟ್ಟವನು. ಊರಿಗೆಲ್ಲ ಅವನು ನಿಧಾನ ಮೇಷ್ಟ್ರು. ತಂಗಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಅವಳಾ? ರಕ್ತದಲ್ಲಿ ಕಾಗುಣಿತದ ತಪ್ಪು ಹುಡುಕ್ತಾಳೆ" ಎನ್ನುತ್ತಿದ್ದ.

ತಮಾಷೆಗೆ ಹೇಳಿದರೂ ಅದು ಸುಳ್ಳಾಗಿರಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಹೊಟ್ಟೆಯ ಆಳದಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ನೋವು ತಲೆದೋರುವ ಹೊತ್ತಿಗೆ ಸಾಮಾನ್ಯವಾಗಿ ಕೈಮೀರಿರುತ್ತದೆ. ಅಂಥ ಗಡ್ಡೆಗಳಲ್ಲಿ ಬಹುಪಾಲಿನ ಬುಡದಲ್ಲಿ ಕೆಟ್ಟಿರುವುದು ಅದೇ ಒಂದು ಜೀನು, ಅದೂ ಒಂದೇ ಅಕ್ಷರದಷ್ಟು. ಅಷ್ಟು ಸಾಕು, 'ಬೆಳೆ' ಎನ್ನುವ ಸ್ವಿಚ್ಚು ಆರದೆ ಉಳಿದುಬಿಡುತ್ತದೆ. ಸತ್ತ ಜೀವಕೋಶಗಳಿಂದ ಆ ಜೀನಿನ ಚೂರುಗಳು ರಕ್ತಕ್ಕೆ ಸೋರುತ್ತವೆ. ಸರಿಯಾಗಿರುವ ಸಾವಿರಾರು ಚೂರುಗಳ ನಡುವೆ ಆ ಕೆಟ್ಟದ್ದೊಂದನ್ನು, ಗಡ್ಡೆ ಕಟ್ಟುವುದಕ್ಕೂ ಮೊದಲೇ, ಹಿಡಿಯುವ ಪರೀಕ್ಷೆಯನ್ನು ರೂಪಿಸುವುದರಲ್ಲೇ ಪುಟ್ಟಿಯ ಹರೆಯ ಸವೆದಿತ್ತು.

ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅಣ್ಣ ಕರೆಯದೆಯೇ ಬಂದ. "ತಗೋ, ಎಷ್ಟು ಬೇಕೋ ತಗೋ. ನನ್ನ ಹತ್ರ ಬಿಟ್ಟಿ ಸಿಗೋದು ಅದೊಂದೇ" ಎಂದ. ನಗು ತಡೆಯಲಾರದೆ ನರ್ಸ್ ಸೂಜಿ ತಪ್ಪಿಸಿದಳು. ಇನ್ನೊಂದು ಸಲ ಚುಚ್ಚಿಸಿಕೊಂಡ.

ಆ ರಕ್ತದಲ್ಲಿ ಕೆಟ್ಟ ಅಕ್ಷರ ಕಂಡಿತು.

ಯಂತ್ರದ ಪರದೆಯ ಮೇಲೆ, ಖಾಲಿ ಇರಬೇಕಾದ ಮೂಲೆಯಲ್ಲಿ ಬೆರಳೆಣಿಕೆಯಷ್ಟು ಚುಕ್ಕೆಗಳು. ಪುಟ್ಟಿ ಮೊದಲು ತನ್ನ ಕೈಯನ್ನೇ ಅನುಮಾನಿಸಿದಳು. ದ್ರಾವಣಗಳನ್ನೆಲ್ಲ ಚೆಲ್ಲಿ, ಹೊಸದಾಗಿ ಬೆರೆಸಿ, ಬೇರೆ ಕೋಣೆಯಲ್ಲಿ ಕೂತು ಮಾಡಿದಳು. ಮತ್ತೆ ಅವೇ ಚುಕ್ಕೆಗಳು. ಉಳಿದ ಆರೋಗ್ಯವಂತರ ರಕ್ತದಲ್ಲಿ ಒಂದೂ ಇರಲಿಲ್ಲ.

ಪರೀಕ್ಷೆ ಇನ್ನೂ ಸಾಬೀತಾಗಿಲ್ಲ, ಆದ್ದರಿಂದ ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸಕೂಡದು ಎಂಬ ನಿಯಮವಿತ್ತು. ಆ ನಿಯಮ ಮಾಡಿದ ಸಮಿತಿಯಲ್ಲಿ ಅವಳೂ ಇದ್ದಳು. ಕೆಲವು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಅಣ್ಣನ ಫೋನ್ ಬಂದರೆ ಎತ್ತಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವನು ಕಲಿಸುವ ಮೈದಾನಕ್ಕೇ ಹೋಗಿ, ಕಾರಿನೊಳಗೆ ಕೂತು, ಗಾಜು ಏರಿಸಿ ಎಲ್ಲ ಹೇಳಿಬಿಟ್ಟಳು.

"ಅಂದ್ರೆ ನಂಗೆ ಕ್ಯಾನ್ಸರ್ರಾ?"

"ಗೊತ್ತಿಲ್ಲ ಅಣ್ಣ. ಏನೂ ಇಲ್ದೇನೂ ಇರಬಹುದು. ಒಂದು ಸ್ಕ್ಯಾನ್ ಮಾಡಿಸ್ಬಿಡು."

"ಏನೂ ಇಲ್ದಿದ್ರೆ ನೀನ್ಯಾಕೆ ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀಯ?" ಎಂದವನು, ಅವಳ ಕಣ್ಣು ತುಂಬಿದ್ದು ನೋಡಿ ಮಾತು ತಿರುಗಿಸಿದ. "ಸ್ಕೂಲಲ್ಲಿ ಕಾಗುಣಿತ ತಪ್ಪಿದ್ರೆ ಕಿವಿ ಹಿಂಡ್ತಿದ್ರು. ಇವರು ಹೊಟ್ಟೇನೇ ಕೊಯ್ತಾರೇನೋ!"

ತಾನೇ ಹೇಳಿ ತಾನೇ ನಕ್ಕ.

ಸ್ಕ್ಯಾನಿನಲ್ಲಿ ಗ್ರಂಥಿಯ ತಲೆಯ ಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ನೀರುಗುಳ್ಳೆ ಕಾಣಿಸಿತು. ಸರ್ಜನ್ ಅಣ್ಣ, ಅತ್ತಿಗೆ, ಪುಟ್ಟಿ ಮೂವರನ್ನೂ ಎದುರಿಗೆ ಕೂರಿಸಿಕೊಂಡರು. "ಇಂಥ ಗುಳ್ಳೆ ಎಷ್ಟೋ ಜನಕ್ಕೆ ಇರುತ್ತೆ. ಇದೆ ಅಂತ ಗೊತ್ತೇ ಆಗದೆ ಮುದುಕರಾಗ್ತಾರೆ. ಆಗಾಗ ಸ್ಕ್ಯಾನ್ ಮಾಡ್ತಾ ಕಾಯಬಹುದು. ಇಲ್ಲಾ, ತೆಗೀಬಹುದು. ತೆಗೆಯೋದು ದೊಡ್ಡ ಆಪರೇಷನ್, ಜೀವಕ್ಕೂ ಅಪಾಯ ಇದೆ. ಸ್ಕ್ಯಾನ್ ಒಂದೇ ಆಗಿದ್ರೆ ಕಾಯೋಣ ಅಂತಿದ್ದೆ" ಎಂದು ಹೇಳಿ ಪುಟ್ಟಿಯ ಕಡೆ ತಿರುಗಿದರು. "ಮೇಡಂ, ನಿಮ್ಮ ಪರೀಕ್ಷೇನ ನೀವು ನಂಬ್ತೀರಾ?"

ಅತ್ತಿಗೆ ಅವಳ ಮುಖವನ್ನೇ ನೋಡುತ್ತಿದ್ದರು. ಅಣ್ಣ ಮೇಜಿನ ಮೇಲಿದ್ದ ಪೆನ್ನು ಎತ್ತಿ ಮುಚ್ಚಳ ತೆಗೆದು, ಮತ್ತೆ ಹಾಕುತ್ತಿದ್ದ.

"ನಂಬ್ತೀನಿ" ಎಂದಳು ಪುಟ್ಟಿ.

ಆ ಒಂದು ಮಾತಿನಲ್ಲಿ ಅಣ್ಣನ ಮೇಲಿನ ಪ್ರೀತಿ ಎಷ್ಟು, ತನ್ನ ಕೆಲಸದ ಮೇಲಿನ ಹೆಮ್ಮೆ ಎಷ್ಟು ಎಂದು ಆಮೇಲೆ ಎಷ್ಟು ತೂಗಿ ನೋಡಿದರೂ ಅವಳಿಗೆ ಬಗೆಹರಿಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಎದ್ದು ಕೂತ ಅಣ್ಣ, ಗಾಲಿಕುರ್ಚಿ ತಳ್ಳುವವನಿಗೆ "ತಿರುವಲ್ಲಿ ಹಾರ್ನ್ ಹೊಡಿ ಮಾರಾಯ" ಎಂದು ವಾರ್ಡನ್ನೆಲ್ಲ ನಗಿಸಿದ. ಅತ್ತಿಗೆ ಮನೆಗೆ ಹೋಗಿ ಸ್ನಾನ ಮಾಡಿ, ಸ್ವಲ್ಪ ಮಲಗಿ ಎದ್ದು ಬಂದರು. ಅಷ್ಟರಲ್ಲಿ ಜ್ವರ ಏರಿತ್ತು. ಗುಳ್ಳೆಯಿದ್ದ ಭಾಗ ಕೊಯ್ದು ತೆಗೆದು, ಉಳಿದ ಗ್ರಂಥಿಯನ್ನು ಕರುಳಿಗೆ ಹೊಲಿದಿದ್ದ ಕಡೆ ಸೋರತೊಡಗಿತ್ತು. ಅನ್ನ ಅರಗಿಸಬೇಕಾದ ರಸ ಹೊಟ್ಟೆಯೊಳಗೆ ಹರಿದು ಅವನ ಮಾಂಸವನ್ನೇ ಅರಗಿಸುತ್ತಿತ್ತು. ಹೀಗಾಗಬಹುದು ಎಂದು ಪುಟ್ಟಿ ಪುಸ್ತಕದಲ್ಲಿ ಓದಿದ್ದಳು, ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದಳು. ಈಗ ಐಸಿಯುವಿನ ಬಾಗಿಲಲ್ಲಿ ನಿಂತು, ಮುಂದೇನಾಗುತ್ತದೆ ಎಂದು ಉಳಿದವರಿಗಿಂತ ಒಂದು ಹೆಜ್ಜೆ ಮೊದಲೇ ತಿಳಿಯುತ್ತಿದ್ದುದೇ ಅವಳಿಗೆ ಶಿಕ್ಷೆಯಾಯಿತು.

ಕೊನೆಯ ಸಲ ಅವನಿಗೆ ಎಚ್ಚರವಿದ್ದಾಗ ಅವಳು ಪಕ್ಕದಲ್ಲಿದ್ದಳು.

"ಪುಟ್ಟಿ, ಸಿಕ್ತಾ ಅದು?"

"ಸಿಕ್ತು ಅಣ್ಣ. ಪೂರ್ತಿ ತೆಗೆದಿದ್ದಾರೆ."

"ಹಾಗಾದ್ರೆ ಸರಿ" ಎಂದು ಕಣ್ಣು ಮುಚ್ಚಿದ. ಮತ್ತೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಹೋಗಿಬಿಟ್ಟ.

ತೆಗೆದ ಗುಳ್ಳೆಯ ವರದಿ ಬಂದದ್ದು ಎಲ್ಲ ಮುಗಿದ ಮೇಲೆ. ಕ್ಯಾನ್ಸರ್ ಇರಲಿಲ್ಲ. ಕೆಲವು ಕೋಶಗಳು ತುಸು ರೂಪ ಬದಲಿಸತೊಡಗಿದ್ದವು, ಅಷ್ಟೇ. ಅವುಗಳಲ್ಲಿ ಅದೇ ಜೀನಿನ ಅದೇ ಅಕ್ಷರ ಕೆಟ್ಟಿತ್ತು. ಎಷ್ಟೋ ವರ್ಷಗಳ ಮೇಲೆ ಅದು ಕ್ಯಾನ್ಸರ್ ಆಗಬಹುದಿತ್ತು. ಆಗದೆಯೂ ಇರಬಹುದಿತ್ತು.

ವಿಭಾಗದ ಮುಖ್ಯಸ್ಥರು ಅವಳ ಕೋಣೆಗೆ ಬಂದು ಸಮಾಧಾನದ ಮಾತಾಡಿದರು. ಎದ್ದು ಹೊರಟವರು ಬಾಗಿಲಲ್ಲಿ ನಿಂತರು. "ಈ ಹೊತ್ತಲ್ಲಿ ಹೇಳಬಾರದು. ಆದ್ರೂ ನಿಮ್ಮ ಪರೀಕ್ಷೆ ಸರಿಯಾಗಿ ಹಿಡಿದಿದೆ. ಕ್ಯಾನ್ಸರ್ ಆಗೋದಕ್ಕೆ ಮೊದಲೇ ಹಿಡಿದಿದೆ. ನಮಗೆ ಬೇಕಾಗಿದ್ದು ಇದೇ ಅಲ್ವಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪರೀಕ್ಷೆಯ ಬಗ್ಗೆ ಬರೆಯುತ್ತಿದ್ದ ಪ್ರಬಂಧದ ಕೋಷ್ಟಕದಲ್ಲಿ ಅಣ್ಣ ಗೆಲುವಿನ ಸಾಲಿಗೆ ಬಂದಿದ್ದ. ಪುಟ್ಟಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಈ ಪರೀಕ್ಷೆಯನ್ನು ನಂಬಿ ಮಾಡಿದ ಶಸ್ತ್ರಚಿಕಿತ್ಸೆಯಿಂದ ಈ ವ್ಯಕ್ತಿ ಸತ್ತ. ಮುಖ್ಯಸ್ಥರು ಅದನ್ನು ಹೊಡೆದುಹಾಕಿ, "ಅದು ಸರ್ಜರಿ ವಿಷಯ, ಪರೀಕ್ಷೆ ವಿಷಯ ಅಲ್ಲ" ಎಂದರು. ಅವಳು ಮತ್ತೆ ಬರೆದಳು. "ಆ ಸಾಲು ಇಲ್ದಿದ್ರೆ ನನ್ನ ಹೆಸರೂ ಬೇಡ, ಸರ್." ಹಗ್ಗಜಗ್ಗಾಟ ತಿಂಗಳುಗಟ್ಟಲೆ ನಡೆದು ಕೊನೆಗೆ ಅವರು ಸೋತರು. ಆದರೆ ಸತ್ತವನ ಬಗ್ಗೆ ಅಚ್ಚು ಹಾಕಿಸಲು ಮನೆಯವರ ಒಪ್ಪಿಗೆ ಬೇಕು ಎಂದರು.

ಅವಳು ಅತ್ತಿಗೆಯ ಮನೆಗೆ ಹೋದಳು. ಅಣ್ಣನ ಮಗಳು ಬಾಗಿಲು ತೆಗೆದವಳೇ ಒಳಗೆ ಹೋದಳು. ಅತ್ತಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಕೂತ್ಕೋ ಎನ್ನಲಿಲ್ಲ. ಪುಟ್ಟಿ ನಿಂತುಕೊಂಡೇ ಬಂದ ಕಾರಣ ಹೇಳಿದಳು.

"ಒಂದು ಮಾತು ಕೇಳ್ತೀನಿ. ಮುಚ್ಚುಮರೆ ಇಲ್ದೆ ಹೇಳು. ನೀನು ಆವತ್ತು ಹೇಳದೆ ಇದ್ದಿದ್ರೆ ಅವರು ಇವತ್ತು ಇರ್ತಿದ್ರಾ?"

ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ ಉತ್ತರಗಳನ್ನೆಲ್ಲ ಪುಟ್ಟಿ ಬದಿಗಿಟ್ಟಳು.

"ಇರ್ತಿದ್ದ ಅತ್ತಿಗೆ. ಮುಂದೆ ಏನಾಗ್ತಿತ್ತೋ ಗೊತ್ತಿಲ್ಲ. ಇವತ್ತಂತೂ ಇರ್ತಿದ್ದ."

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತುಬಿಟ್ಟಿತ್ತು. ಅತ್ತಿಗೆ ಅದನ್ನು ಎತ್ತಿ ಪಕ್ಕಕ್ಕಿಟ್ಟರು.

"ಆಸ್ಪತ್ರೆಯವರೆಲ್ಲ ವಿಧಿ ಅಂದ್ರು. ನೀನೂ ಅದನ್ನೇ ಅಂದಿದ್ರೆ ಇನ್ಮೇಲೆ ನಿನ್ನ ಮುಖ ನೋಡ್ತಿರಲಿಲ್ಲ." ಇಸ್ತ್ರಿಯಾದ ಬಟ್ಟೆ ಮಡಿಸುತ್ತ ಹೇಳಿದರು, "ಬರಿ. ಆದ್ರೆ ಅದ್ರಲ್ಲಿ ಅವರನ್ನ ರೋಗಿ ಅಂತ ಬರೀಬೇಡ. ಅವರಿಗೆ ಏನೂ ಆಗಿರಲಿಲ್ಲ. ನಿಂಗೆ ರಕ್ತ ಬೇಕು ಅಂತ ಬಂದಿದ್ರು, ಅಷ್ಟೇ."

ಪುಟ್ಟಿ ತಲೆಯಾಡಿಸಿದಳು. ಇನ್ನೇನೋ ಹೇಳಬೇಕೆಂದು ನಿಂತಳು. ಆದರೆ ಅತ್ತಿಗೆ ಮುಂದಿನ ಬಟ್ಟೆ ಕೈಗೆತ್ತಿಕೊಂಡಿದ್ದರು. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ.