ಕೇಳಿ ಕೊಡುವ ನೀರು

ಲೊರೆನಾಳ ಮನೆಯಲ್ಲಿ ನೀರು ಚೆಲ್ಲಿದವರಿಗೆ ಅವತ್ತು ಊಟ ತಡ. ಅದೇನು ಶಿಕ್ಷೆಯಲ್ಲ. ಅವಳ ಊದಿದ ಮುಖ ಸರಿಹೋಗುವ ತನಕ ತಟ್ಟೆ ಮುಂದೆ ಕೂರುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ, ಅಷ್ಟೆ. ಕೆಂಪು ಬಂಡೆಗಳ ಆ ಕಣಿವೆಯಲ್ಲಿ ಅವಳ ಮನೆಗೆ ಇನ್ನೂ ನಲ್ಲಿ ಬಂದಿಲ್ಲ. ಪಿಕಪ್ ಗಾಡಿಯ ಹಿಂದೆ ಪೀಪಾಯಿಗಳನ್ನು ಹೇರಿಕೊಂಡು, ಸೊಂಟ ಮುರಿಯುವ ಮಣ್ಣುದಾರಿಯಲ್ಲಿ ಹೋಗಿ, ಸಾಲಿನಲ್ಲಿ ನಿಂತು ತುಂಬಿಸಿಕೊಂಡು ಬರಬೇಕು. ಮುಖ ತೊಳೆದ ನೀರು ಗಿಡಕ್ಕೆ, ತರಕಾರಿ ತೊಳೆದ ನೀರು ಕುರಿಗಳಿಗೆ. ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿ ಎದ್ದು ಹೋಗುವುದೆಂದರೆ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಆ ಮೂಲೆಯಲ್ಲಿ ಮರ್ಯಾದೆಗೆಟ್ಟ ಕೆಲಸ.

ಇಂಥ ಮನೆಯಲ್ಲಿ ಬೆಳೆದವಳು ಡೆಲ್ಫೀನಾ. ಲೊರೆನಾಳ ಅಕ್ಕನ ಮಗಳು. ಅಕ್ಕ ದೂರದ ಫೀನಿಕ್ಸ್ ನಗರದಲ್ಲಿ ಕೆಲಸಕ್ಕಿದ್ದಳು, ಹಾಗಾಗಿ ಹುಡುಗಿಯನ್ನು ಸಾಕಿದ್ದೆಲ್ಲ ಈ ಚಿಕ್ಕವ್ವನೇ. ಈಗ ಡೆಲ್ಫೀನಾ ಎರಡು ಮಕ್ಕಳ ತಾಯಿ, ಶಾಲೆಯ ಬಸ್ಸು ಓಡಿಸುತ್ತಾಳೆ. ಕಣಿವೆಯಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಮ್ಯಾರಥಾನ್ ನಡೆಯುತ್ತದೆ. ಬಂಡೆಗಳ ಕಾಲಬುಡದಲ್ಲಿ ಮರಳಿನ ಮೇಲೆ ಓಡಬೇಕೆಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಓಡುವವರಿಗೆ ದಾರಿಯುದ್ದಕ್ಕೂ ನೀರು ಕೊಡುವ ಮೇಜುಗಳಲ್ಲಿ ಒಂದನ್ನು ಲೊರೆನಾ ನೋಡಿಕೊಳ್ಳುತ್ತಾಳೆ. ಈ ಸಲ ಡೆಲ್ಫೀನಾ ತಾನೂ ಓಡುತ್ತೇನೆಂದು ಹೆಸರು ಕೊಟ್ಟು ಬಂದಳು.

"ಇಡೀ ದಿನ ಸೀಟಿಗೆ ಅಂಟ್ಕೊಂಡು ಕೂರೋಳು ನೀನು. ಓಡೋದು ನೀನೋ, ನಿನ್ನ ಬಸ್ಸೋ?" ಎಂದು ಲೊರೆನಾ ಕೆಣಕಿದಳು.

"ಚಿಕ್ಕವ್ವ, ಚಿಕ್ಕೋಳಿದ್ದಾಗ ಬೆಳಕು ಹರಿಯೋಕ್ ಮುಂಚೆ ಎಬ್ಬಿಸಿ, ಪೂರ್ವಕ್ಕೆ ಓಡು ಅಂತ ಹೊರಗೆ ದಬ್ತಿದ್ದೋಳು ಯಾರು? ಈಗ ನನ್ನೇ ಆಡ್ಕೋತೀಯಾ?"

ಲೊರೆನಾ ನಕ್ಕಳು. ಒಳಗೊಳಗೇ ಅವಳಿಗೆ ಹೆಮ್ಮೆ. ಮಗಳು ಓಡಿಯೇ ಓಡುತ್ತಾಳೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಓಟದ ಹಿಂದಿನ ದಿನ ಮಧ್ಯಾಹ್ನ ರೋಸಲಿನ್ ಬಂದಳು. ಅವಳು ಊರಿನ ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ರಕ್ತದೊತ್ತಡ ನೋಡುವವಳು, ಸಕ್ಕರೆ ಕಾಯಿಲೆಯವರ ಬೆನ್ನು ಹತ್ತುವವಳು. ಲೊರೆನಾ ಅವಳಿಗೆ ಕುರಿಮಾಂಸದ ಸಾರು, ಬಿಸಿ ರೊಟ್ಟಿ ಬಡಿಸಿದಳು. ಉಣ್ಣುತ್ತಲೇ ರೋಸಲಿನ್ ಮಾತು ತೆಗೆದಳು.

"ಡೆಲ್ಫೀ, ನಾಳೆ ಬಾಯಾರಿದಾಗ ಮಾತ್ರ ಕುಡಿ. ಮೇಜು ಸಿಕ್ಕಲ್ಲೆಲ್ಲ ಲೋಟ ಎತ್ತಬೇಡ. ಜೊತೆಗೆ ಉಪ್ಪಾಗಿರೋದು ಏನಾದ್ರೂ ತಿಂತಿರು. ಲೋಟದಲ್ಲಿ ಜಾಸ್ತಿ ಇದ್ರೆ ಎರಡು ಗುಟುಕು ಕುಡಿದು ಉಳಿದದ್ದು ಚೆಲ್ಲಿಬಿಡು."

ಲೊರೆನಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಚೆಲ್ಲೋದಾ? ನನ್ನ ಮನೇಲಿ ಕೂತು, ನನ್ನ ಸಾರು ಉಂಡು, ನೀರು ಚೆಲ್ಲು ಅಂತೀಯಲ್ಲೇ! ನಿನ್ನ ಮನೆಗೆ ನಲ್ಲಿ ಬಂದಿದ್ದೇ ಬಂದಿದ್ದು, ಮಾತೇ ಬದಲಾಯ್ತು."

"ಅಲ್ಲ ಲೊರೆನಕ್ಕ, ತುಂಬ ಹೊತ್ತು ಓಡೋರು ನೀರು ಅತಿಯಾಗಿ ಕುಡಿದ್ರೂ ಜೀವಕ್ಕೆ ಅಪಾಯ."

"ಮರುಭೂಮೀಲಿ ನೀರು ಕುಡಿದು ಸತ್ತೋರನ್ನ ನೀನು ನೋಡಿದೀಯಾ? ನಾನಂತೂ ನೀರಿಲ್ದೆ ಸತ್ತ ಕುರಿ ನೋಡಿದೀನಿ, ಕುದುರೆ ನೋಡಿದೀನಿ."

ರೋಸಲಿನ್ ಸಿಟ್ಟಾಗಲಿಲ್ಲ. ಇಂಥ ಎಷ್ಟೋ ಚಿಕ್ಕವ್ವಂದಿರ ಬಾಯಿಗೆ ಸಿಕ್ಕಿ ಪಳಗಿದವಳು ಅವಳು. ಸಾರಿನ ಪಾತ್ರೆಯತ್ತ ಬೆರಳು ಮಾಡಿದಳು.

"ಅಕ್ಕ, ಶಾಲೇಲಿ ಅಷ್ಟು ವರ್ಷ ಅಡುಗೆ ಮಾಡಿದೋಳು ನೀನು. ಈ ಸಾರಿಗೆ ಚೊಂಬುಗಟ್ಲೆ ನೀರು ಸುರೀತಾ ಹೋದ್ರೆ ಏನಾಗುತ್ತೆ?"

"ಇನ್ನೇನಾಗುತ್ತೆ, ಸಪ್ಪೆಯಾಗುತ್ತೆ. ನಾಯಿನೂ ಮೂಸಲ್ಲ."

"ರಕ್ತಾನೂ ಹಾಗೇ ಅಕ್ಕ. ಓಡುವಾಗ ಬೆವರಲ್ಲಿ ಉಪ್ಪು ಹೋಗ್ತಿರುತ್ತೆ. ಮೇಲಿಂದ ಬರೀ ನೀರು ಸುರೀತಿದ್ರೆ ರಕ್ತ ಸಪ್ಪೆಯಾಗುತ್ತೆ. ಆ ಹೆಚ್ಚಿನ ನೀರು ಕೈಬೆರಳು ಊದಿಸುತ್ತೆ, ಮಿದುಳನ್ನೂ ಊದಿಸುತ್ತೆ. ತಲೆನೋವು, ವಾಕರಿಕೆ, ಆಮೇಲೆ ತೊದಲು ಮಾತು, ಫಿಟ್ಸು. ಅಂಗಡಿಯ ಬಣ್ಣದ ಪಾನೀಯ ಕುಡಿದ್ರೂ ಅಷ್ಟೇ, ಅತಿಯಾದ್ರೆ ಇದೇ ಪಾಡು."

"ಉಪ್ಪಂತೆ ಉಪ್ಪು. ಇವಳು ದೊಡ್ಡವಳಾದಾಗ ನಮ್ಮ ಶಾಸ್ತ್ರದಂತೆ ಉಪ್ಪೇ ಮುಟ್ಟದೆ ದಿನಾ ಓಡಿದೋಳು. ಏನಾಯ್ತು ಇವಳಿಗೆ? ಗುಂಡುಕಲ್ಲಿನ ಹಾಗಿದಾಳೆ!"

"ಆ ಓಟ ನಾನೂ ಓಡಿದೀನಲ್ಲ ಅಕ್ಕ. ಜುನಿಪರ್ ಮರದ ತನಕ ಹೋಗಿ ಬರೋದು. ಬಂದ್ಮೇಲೆ ಕೂತು ಜೋಳ ಬೀಸೋದು. ಆ ನೇಮ ಆ ಓಟಕ್ಕೆ ಸರಿ. ನಾಳೆ ಇವಳು ಬೆಳಗ್ಗೆ ಹೊರಟ್ರೆ ಮಧ್ಯಾಹ್ನದ ತನಕ ಓಡ್ತಾನೇ ಇರ್ತಾಳೆ. ಬೇಗ ಓಡಿ ಮುಗಿಸೋರಿಗಿಂತ ನಿಧಾನಕ್ಕೆ ಓಡೋರೇ ಈ ತೊಂದರೆಗೆ ಸಿಕ್ಕಿಹಾಕ್ಕೊಳ್ಳೋದು. ಪ್ರತಿ ಮೇಜಿನ ಹತ್ರ ನಿಂತು ಕುಡಿಯೋಕೆ ಹೊತ್ತಿರೋದು ಅವರಿಗೇ ತಾನೆ?"

ಡೆಲ್ಫೀನಾ ಆಯ್ತು ಆಯ್ತು ಎಂದು ತಲೆಯಾಡಿಸಿದಳು. ಬಸ್ಸಿನ ಮಕ್ಕಳು ಗಲಾಟೆ ಮಾಡುವುದಿಲ್ಲ ಎಂದು ತಲೆಯಾಡಿಸುತ್ತಾರಲ್ಲ, ಹಾಗೆ. ಹೊರಡುವ ಮುಂಚೆ ರೋಸಲಿನ್ ಲೊರೆನಾಳ ಕೈ ಹಿಡಿದಳು.

"ನನ್ನ ಮಾತು ನಂಬದಿದ್ರೂ ಬೇಡ. ಯಾರಾದ್ರೂ ತಲೆ ಸುತ್ತಿ ಬಂದ್ರೆ, ನೀರು ಕೊಡೋಕ್ ಮುಂಚೆ ಎಷ್ಟು ಕುಡಿದಿದಾರೆ ಅಂತ ಒಂದು ಮಾತು ಕೇಳು. ಇಷ್ಟು ಮಾಡ್ತೀಯಾ?"

"ಕೇಳ್ತೀನಿ ಹೋಗೇ. ಕೇಳೋಕೇನು ಖರ್ಚಾಗುತ್ತಾ," ಎಂದು ಲೊರೆನಾ ಮೂಗು ಮುರಿದಳು.

ಮರುದಿನ ಬಿಸಿಲು ಅಷ್ಟೇನೂ ಇರಲಿಲ್ಲ, ತಣ್ಣನೆ ಗಾಳಿ ಬೀಸುತ್ತಿತ್ತು. ಸೂರ್ಯ ಏರುತ್ತಿದ್ದಂತೆ ಬಂಡೆಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗಿದವು. ಓಡುವವರು ನಿಂತು ನಿಂತು ನೋಡಿದರು, ಫೋಟೋ ತೆಗೆದರು. ಊರ ನಾಯಿಗಳೆರಡು ತಮ್ಮನ್ನೂ ಕರೆದಿದ್ದಾರೆ ಎಂಬಂತೆ ಮುಂದಿನವರ ಜೊತೆ ಓಡಿದವು. ಲೊರೆನಾಳ ಮೇಜು ಮರಳಿನ ದೊಡ್ಡ ದಿಬ್ಬ ಇಳಿದ ಕೂಡಲೇ ಸಿಗುತ್ತಿತ್ತು. ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಓಟಗಾರರ ಹುಮ್ಮಸ್ಸು ಅರ್ಧ ಇಳಿದಿರುತ್ತದೆ. ಶೂ ಬಿಚ್ಚಿ ಮರಳು ಕೊಡವುವವರು, ಕಾಲು ಹಿಡಿದುಕೊಂಡು ಕೂರುವವರು, ಸುಮ್ಮನೆ ಬಂಡೆ ನೋಡುತ್ತ ಕಣ್ಣೀರು ಹಾಕುವವರು, ಎಲ್ಲರನ್ನೂ ಅವಳು ಕಂಡವಳು. ಒಬ್ಬ ಎರಡು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಂಡ. ಲೊರೆನಾ ಅವನನ್ನು ಸುಟ್ಟುಬಿಡುವಂತೆ ನೋಡಿದಳು. ಅವನು ಜಾಗ ಖಾಲಿ ಮಾಡಿದ.

ಹೊತ್ತು ಏರಿದ ಮೇಲೆ ದಿಬ್ಬದ ನೆತ್ತಿಯಲ್ಲಿ ಡೆಲ್ಫೀನಾ ಕಾಣಿಸಿದಳು. ಓಡುತ್ತಿರಲಿಲ್ಲ, ತೂರಾಡುತ್ತ ನಡೆಯುತ್ತಿದ್ದಳು. ಪಕ್ಕದಲ್ಲಿ ಉದ್ದನೆಯ ಮನುಷ್ಯನೊಬ್ಬ ಅವಳ ತೋಳು ಹಿಡಿದಿದ್ದ. ದೂರದ ಮಿನೆಸೋಟಾ ರಾಜ್ಯದಿಂದ ಬಂದ ಅವನ ಹೆಸರು ಡೇಲ್. ಬೆಳಗ್ಗೆಯಿಂದ ಇಬ್ಬರೂ ಜೊತೆಯಲ್ಲೇ ಓಡಿಬಂದಿದ್ದರು.

"ಬಾ ಮಗಳೇ, ಬಾ," ಎಂದು ಲೊರೆನಾ ಎದುರು ಓಡಿದಳು.

ಡೆಲ್ಫೀನಾ ಅವಳ ಮುಖವನ್ನೇ ನೋಡಿದಳು. "ಮಕ್ಕಳೆಲ್ಲ ಹತ್ತಿದ್ರಾ? ಬಾಗಿಲು ಹಾಕ್ಲಾ?"

ಲೊರೆನಾ ಗೊಳ್ಳೆಂದು ನಕ್ಕಳು. "ಇಲ್ಲೂ ಬಸ್ಸೇ ಏನೇ ನಿಂಗೆ!"

"ಹಿಂದಿನ ಸೀಟಿನೋರು ಕೂತಿಲ್ಲ. ನಾನು ಹೊರಡಲ್ಲ," ಎಂದಳು ಡೆಲ್ಫೀನಾ. ಅವಳ ಮುಖದಲ್ಲಿ ನಗುವಿರಲಿಲ್ಲ. ಮರಳಿನ ಮೇಲೆ ಕುಸಿದು ವಾಂತಿ ಮಾಡಿದಳು.

ಲೊರೆನಾ ಮೇಜಿನತ್ತ ಓಡಿದಳು. ಹುಡುಗಿಗೆ ನೀರು ಸಾಲದಾಗಿದೆ, ಇನ್ನೇನು! ದೊಡ್ಡ ಬಾಟಲಿ ತುಂಬಿಸಿಕೊಂಡು ಬಂದು, ತಲೆ ಎತ್ತಿ ಹಿಡಿದು, ಬಾಯಿಗೆ ಇಡಬೇಕು, ಅಷ್ಟರಲ್ಲಿ ನಿನ್ನೆ ಕೊಟ್ಟ ಮಾತು ನೆನಪಾಯಿತು. ಕೇಳಲು ಖರ್ಚೇನಿಲ್ಲ.

"ಇವಳು ಎಷ್ಟು ನೀರು ಕುಡಿದಿದಾಳೆ?" ಎಂದು ಡೇಲ್‌ನನ್ನು ಕೇಳಿದಳು.

"ಕುಡಿದಿದಾರಾ! ಒಂದು ಮೇಜೂ ಬಿಟ್ಟಿಲ್ಲ ತಾಯಿ. ತಮ್ಮ ಲೋಟ ಪೂರ್ತಿ ಕುಡೀತಿದ್ರು. ನಾನು ಅರ್ಧ ಚೆಲ್ಲೋಕ್ ಹೋದ್ರೆ, 'ಚೆಲ್ಲಬೇಡಿ, ಇಲ್ಲಿ ಕೊಡಿ' ಅಂತ ನಂದನ್ನೂ ಇಸ್ಕೊಂಡು ಕುಡೀತಿದ್ರು. ಬೇರೆಯವರದ್ದೂ ಕೆಲವು ಸಲ. ಇಲ್ಲಿ ನೀರು ಚೆಲ್ಲೋದು ತಪ್ಪಂತೆ, ಅವರ ಚಿಕ್ಕವ್ವ ಹೇಳಿಕೊಟ್ಟಿದ್ದಂತೆ."

ಲೊರೆನಾ ಬಾಟಲಿ ಹಿಡಿದ ಕೈಯನ್ನು ಹಿಂದಕ್ಕೆಳೆದಳು. ಮಗಳ ಬೆರಳು ನೋಡಿದಳು. ನೀಲಿ ಹರಳಿನ ಉಂಗುರ ಊದಿದ ಮಾಂಸದೊಳಗೆ ಹೂತುಹೋಗಿತ್ತು. ವಾಕಿಟಾಕಿ ಎತ್ತಿಕೊಂಡು ರೋಸಲಿನ್‌ಳನ್ನು ಕೂಗಿದಳು. ಆರೋಗ್ಯದ ಗಾಡಿಯಲ್ಲಿದ್ದ ರೋಸಲಿನ್ ಎಲ್ಲ ಕೇಳಿಸಿಕೊಂಡಳು.

"ಅಕ್ಕ, ಒಂದು ಹನಿ ನೀರೂ ಕೊಡಬೇಡ. ಮೈ ಬಿಸಿ ಇದೆಯಾ?"

"ಇಲ್ಲ ಕಣೇ, ತಣ್ಣಗಿದೆ."

"ಹಾಗಾದ್ರೆ ಇದು ಬಿಸಿಲಿನ ಹೊಡೆತ ಅಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸು, ವಾಂತಿ ಬಂದ್ರೆ ಗಂಟಲಲ್ಲಿ ಸಿಕ್ಕಬಾರದು. ಬಾಯಿಗೆ ಏನೂ ಹಾಕಬೇಡ. ಅವಳನ್ನ ಬಿಟ್ಟು ಕದಲಬೇಡ. ಬಂದೆ, ಆಂಬುಲೆನ್ಸೂ ಬರ್ತಿದೆ."

ಡೆಲ್ಫೀನಾ ಮಾತ್ರ ಬಾಟಲಿ ನೋಡಿಬಿಟ್ಟಿದ್ದಳು. "ಚಿಕ್ಕವ್ವ, ನೀರು," ಎಂದು ಕೈ ಚಾಚಿದಳು. ಚಿಕ್ಕ ಹುಡುಗಿಯಾಗಿದ್ದಾಗ ಕೇಳುತ್ತಿದ್ದ ಅದೇ ದನಿ. ಆ ದನಿಗೆ ಲೊರೆನಾ ಇಲ್ಲವೆಂದದ್ದೇ ಇಲ್ಲ. ಡೆಲ್ಫೀನಾ ಬಾಟಲಿಗೆ ಜೋತುಬಿದ್ದು ಎಳೆದಳು. ಲೊರೆನಾ ಬಾಟಲಿಯನ್ನು ತಲೆಕೆಳಗು ಮಾಡಿ ನೀರನ್ನೆಲ್ಲ ಮರಳಿಗೆ ಸುರಿದುಬಿಟ್ಟಳು.

"ಏಯ್, ಮರುಭೂಮೀಲಿ ಆ ಹೆಂಗಸಿಗೆ ನೀರು ಕೊಡಮ್ಮಾ!" ಎಂದು ದಾಟಿಹೋಗುತ್ತಿದ್ದ ಓಟಗಾರನೊಬ್ಬ ಅರಚಿದ.

"ನನ್ನ ಮಗಳಿಗೆ ಏನು ಕೊಡಬೇಕು ಅಂತ ನಂಗೆ ಗೊತ್ತು. ನೀನು ನಿನ್ನ ದಾರಿ ನೋಡು!" ಎಂದು ಲೊರೆನಾ ಗದರಿದಳು. ಖಾಲಿ ಬಾಟಲಿ ಎಸೆದು, ಮಗಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಭುಜ ಹಿಡಿದು ಕೂತಳು. ಅಂಥ ಹೆದರಿಕೆ ಅವಳಿಗೆ ಜೀವಮಾನದಲ್ಲೇ ಆಗಿರಲಿಲ್ಲ.

ಹತ್ತಿರದ ಪಟ್ಟಣ ಕಯೆಂಟಾದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ವೈದ್ಯೆ ಗಾಢವಾದ ಉಪ್ಪುನೀರಿನ ಡ್ರಿಪ್ಪನ್ನು ಅಳೆದು ಅಳೆದು ಕೊಟ್ಟರು. "ಆ ಬಾಟಲಿ ಕುಡಿಸಿದ್ದರೆ ಫಿಟ್ಸ್ ಬರುವ ಸಾಧ್ಯತೆ ಇತ್ತು. ಜೀವವೂ ಹೋಗಬಹುದಿತ್ತು," ಎಂದರು. ಲೊರೆನಾ ಬಾಗಿಲಿಗೆ ಒರಗಿ ನಿಂತಳು. ಅಳು ಬಂತು, ಅತ್ತಳು.

ಮರುದಿನ ಡೆಲ್ಫೀನಾ ಎದ್ದು ಕೂತಳು. "ಚಿಕ್ಕವ್ವ, ನಾನು ಬಸ್ಸಿನ ವಿಷಯ ಏನಾದ್ರೂ ಮಾತಾಡಿದ್ನಾ?"

"ಮಾತೇನು, ಹಾರ್ನ್ ಒಂದು ಹೊಡೀಲಿಲ್ಲ." ಲೊರೆನಾ ನಗಲು ನೋಡಿದಳು, ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ರೋಸಲಿನ್ ಕಡೆ ತಿರುಗಿದಳು. "ನಾನು ಕಲಿಸಿದ ಬುದ್ಧೀನೇ ಇವಳನ್ನ ಕೊಲ್ತಿತ್ತಲ್ಲೇ."

"ನೀನು ಕಲಿಸಿದ್ದು ಒಳ್ಳೇದೇ ಅಕ್ಕ. ನೀರು ಚೆಲ್ಲಬಾರದು, ನಿಜ. ಆದ್ರೆ ಉಳಿದ ನೀರಿಗೆ ಜಾಗ ಪೀಪಾಯಿ, ಹೊಟ್ಟೆ ಅಲ್ಲ. ಲೋಟದಲ್ಲಿ ತಳ ಮುಚ್ಚೋವಷ್ಟು ಹಾಕು. ಬಾಯಾರಿದೋರು ಇನ್ನೊಂದು ಕೇಳ್ತಾರೆ. ಚೆಲ್ಲೋದೂ ಇಲ್ಲ, ಅತಿಯಾಗೋದೂ ಇಲ್ಲ."

ಲೊರೆನಾ ಅವಳತ್ತ ಕಣ್ಣು ಕೆಕ್ಕರಿಸಿದಳು. "ಇದನ್ನ ಮೊದಲೇ ಹೀಗೆ ಹೇಳಿದ್ರೆ ಆಗ್ತಿರಲಿಲ್ವಾ? ಚೆಲ್ಲು ಅಂದಿದ್ದಕ್ಕೇ ನಂಗೆ ಉರಿದಿದ್ದು."

"ತಪ್ಪಾಯ್ತು ಅಕ್ಕ," ಎಂದು ರೋಸಲಿನ್ ಕೈಮುಗಿದಳು. ಮೂವರೂ ನಕ್ಕರು.

ಮುಂದಿನ ಮಾರ್ಚ್‌ನಲ್ಲಿ ದಿಬ್ಬದ ಕೆಳಗಿನ ಮೇಜಿನ ಚಹರೆಯೇ ಬದಲಾಗಿತ್ತು. ಲೋಟಗಳಲ್ಲಿ ಎರಡೇ ಗುಟುಕು. ಪಕ್ಕದಲ್ಲಿ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ, ಕುರಿಮಾಂಸದ ಬಿಸಿ ಸಾರು. ಲೊರೆನಾ ಸುಂಕದವಳಂತೆ ಅಡ್ಡ ನಿಂತು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. "ಬಾಯಾರಿದೆಯಾ? ಇಲ್ಲಿ ತನಕ ಎಷ್ಟು ಕುಡಿದ್ರಿ? ಬೆರಳು ತೋರಿಸಿ." ಕೆಲವರು ಗೊಣಗಿದರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಡೆಲ್ಫೀನಾ ದಿಬ್ಬ ಇಳಿದು ಬಂದಳು. ಮೈಯೆಲ್ಲ ಧೂಳು, ಹೆಜ್ಜೆ ಗಟ್ಟಿ. ಲೊರೆನಾ ಕೇಳುವ ಮೊದಲೇ ಕೈಯೆತ್ತಿ ಬೆರಳುಗಳನ್ನು ಆಡಿಸಿ ತೋರಿಸಿದಳು. ಒಂದು ಆಲೂಗಡ್ಡೆ ತೆಗೆದುಕೊಂಡಳು.

"ನೀರು?" ಎಂದಳು ಲೊರೆನಾ.

"ಈಗ ಬೇಡ ಚಿಕ್ಕವ್ವ. ಬಾಯಾರಿಲ್ಲ."

ಕೊಟ್ಟ ನೀರನ್ನು ಆ ಮನೆಯ ಹುಡುಗಿ ಬೇಡವೆಂದದ್ದು ಅದೇ ಮೊದಲು. ಲೊರೆನಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಮಗಳು ಬಂಡೆಗಳ ನಡುವೆ ಪುಟ್ಟದಾಗಿ ಕಾಣುವ ತನಕ ನೋಡುತ್ತ ನಿಂತಳು. ಅವತ್ತು ಡೆಲ್ಫೀನಾ ಗುರಿ ಮುಟ್ಟಿದಾಗ ಹಿಂದೆ ಉಳಿದಿದ್ದವರು ಕೆಲವೇ ಜನ. ಅವಳು ಹಾಕಿದ ಕೇಕೆ ಮಾತ್ರ ಗೆದ್ದವನಿಗಿಂತ ಜೋರಾಗಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀರು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಬಿಸಿಲಲ್ಲಿ ದುಡಿಯುವವರು, ನಡೆಯುವವರು ಬಾಯಾರಿದಾಗ ಕುಡಿಯಲೇಬೇಕು. ಆದರೆ ನಿಮ್ಮೂರಿನ ಓಟದಲ್ಲಿ, ದಿನವಿಡೀ ನಡೆಯುವ ಪಾದಯಾತ್ರೆಯಲ್ಲಿ, ಬಾಯಾರದಿದ್ದರೂ ಚೊಂಬುಗಟ್ಟಲೆ ಬರೀ ನೀರು ಸುರಿದುಕೊಳ್ಳಬೇಡಿ. ಜೊತೆಗೆ ಉಪ್ಪಿರುವ ಊಟ ತಿನ್ನಿ. ಯಾರಿಗಾದರೂ ಬೆರಳು ಊದಿದರೆ, ವಾಂತಿಯಾದರೆ, ಮಾತು ತಪ್ಪಿದರೆ ಅದನ್ನು ಬರೀ ಬಿಸಿಲಿನ ಆಯಾಸ ಎಂದುಕೊಳ್ಳಬೇಡಿ. ಒತ್ತಾಯದಿಂದ ನೀರು ಕುಡಿಸಬೇಡಿ. ಕೂಡಲೇ ಆಂಬುಲೆನ್ಸ್ ಕರೆಸಿ, ಜೊತೆಯಲ್ಲೇ ಇರಿ. ದಾರಿಬದಿಯಲ್ಲಿ ನಿಂತು ನೀರು ಕೊಡುವ ಪುಣ್ಯಾತ್ಮರು ನೀವಾಗಿದ್ದರೆ, ಲೋಟ ಚಾಚುವ ಮೊದಲು ಲೊರೆನಾ ಕೇಳಿದ್ದನ್ನೇ ಕೇಳಿ: ಇಲ್ಲಿಯ ತನಕ ಎಷ್ಟು ಕುಡಿದಿರಿ? ಅದನ್ನು ಕೇಳಿದ್ದಕ್ಕೇ ಡೆಲ್ಫೀನಾ ಇವತ್ತೂ ಮಕ್ಕಳನ್ನು ಮನೆಗೆ ಮುಟ್ಟಿಸುತ್ತಿದ್ದಾಳೆ.