ನಾಲ್ಕನೇ ನಂಬರಿನ ಇಂಗ್ಲಿಷ್ ಹಾಡು

ಕಾಸಿಮಸಾಬ ಮಾಸ್ತರರಷ್ಟು ಹಟಮಾರಿ ಮನುಷ್ಯ ಬೆಳಗಾವಿಯ ಇಡೀ ಶಹಾಪುರದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ ಎಂದು ನಾನು ಎರಡು ವರ್ಷ ನಂಬಿದ್ದೆ. ಬರೀ ನಂಬಿದ್ದಲ್ಲ, ಚಹಾದಂಗಡಿಯಲ್ಲಿ ಕೂತು ನಾಲ್ಕು ಮಂದಿಗೆ ಹೇಳಿಯೂ ಇದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾವೆಲ್ಲ ಹಗಲು ಪಾವರ್‌ಲೂಮಿನ ಮೇಲೆ ಸೀರೆ ನೇಯುವವರು. ಲಗ್ನದ ಕಾಲ ಬಂತೆಂದರೆ ಕೆಂಪು ಕೋಟು ಏರಿಸಿ ಬ್ಯಾಂಡಿನವರಾಗುತ್ತಿದ್ದೆವು. ಮಾಸ್ತರರು ಕ್ಲಾರಿಯೋನೆಟ್ಟು, ಲಕ್ಷ್ಮಪ್ಪ ತುತ್ತೂರಿ, ನಾನು ಎದೆಗೆ ಕಟ್ಟಿಕೊಳ್ಳುವ ದೊಡ್ಡ ಡ್ರಮ್ಮು, ಉಳಿದ ಐದು ಜನ ಅದು ಇದು. ಬೆಳಗಾವಿಯಲ್ಲಿ ನಮ್ಮ ಹೆಸರು ನಡೆದದ್ದು ಮಾಸ್ತರರ ಒಂದು ಪದ್ಧತಿಯಿಂದ. ಹೊಸ ಹಿಂದಿ ಸಿನಿಮಾ ಬಂದ ದಿನವೇ ಅವರು ಥೇಟರಿಗೆ ಹೋಗಿ, ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ ಕೂತು, ಒಂದರ ಹಿಂದೊಂದು ಮೂರು ಆಟ ನೋಡುತ್ತಿದ್ದರು. ನೋಡುತ್ತಿದ್ದರು ಅನ್ನುವುದೂ ತಪ್ಪು. ಹಾಡು ಬಂದಾಗ ಅವರ ಬೆರಳು ತೊಡೆಯ ಮೇಲೆ ಓಡಾಡುತ್ತಿದ್ದವು, ಅಷ್ಟೇ. ಕಥೆ ಏನು ಎಂದು ಕೇಳಿದರೆ, "ಹೀರೋ ಯಾರಂತ ನೋಡ್ಲಿಲ್ಲಪಾ, ಎರಡನೇ ಹಾಡಿನ್ಯಾಗ ಪಿಟೀಲು ಭಾಳ ಚೊಲೋ ಐತಿ," ಅನ್ನುವರು. ಉಳಿದ ಬ್ಯಾಂಡಿನವರು ಆ ಹಾಡು ರೇಡಿಯೋದಲ್ಲಿ ಬರಲಿ ಎಂದು ಕಾಯುತ್ತಿರುವಾಗ ನಾವು ಅದನ್ನು ಲಗ್ನದ ಮೆರವಣಿಗೆಯಲ್ಲಿ ನುಡಿಸಿ ಮುಗಿಸಿರುತ್ತಿದ್ದೆವು.

ಎಪ್ಪತ್ತೊಂಬತ್ತರ ಸುಮಾರಿಗೆ ಏನಾಯಿತೋ, ಅವರಿಗೆ ಯಾವ ಹೊಸ ಹಾಡೂ ಸೇರದಾಯಿತು. ಮೂರು ಆಟ ನೋಡುವುದು ತಪ್ಪಲಿಲ್ಲ. ಆದರೆ ಹೊರಗೆ ಬಂದು, "ಎಲ್ಲಾ ಸಪ್ಪಗ ಅದಾವ, ಬ್ಯಾಡ," ಎಂದುಬಿಡುವರು. ಕಪ್ಪು ಬಿಳುಪು ಕಾಲದ ಏಳು ಹಾಡುಗಳಿದ್ದವು, ಅವರ ಜೀವದಂಥವು. ಪ್ರತಿ ಲಗ್ನದಲ್ಲೂ ಅವೇ ಏಳು. "ನಮ್ಮಪ್ಪನ ಲಗ್ನದ ಬ್ಯಾಂಡು ಇನ್ನೂ ಮನಿಗೆ ಹೋಗಿಲ್ಲೇನ್ರಿ?" ಎಂದು ಮದುಮಕ್ಕಳ ಅಣ್ಣತಮ್ಮಂದಿರು ನಗುತ್ತಿದ್ದರು. ಕರೆಯುವವರು ಕಡಿಮೆಯಾದರು.

ನನ್ನ ಹುಚ್ಚೇ ಬೇರೆ. ಮಿಲಿಟರಿಯವರಿರುವ ಕ್ಯಾಂಪಿನ ರವಿವಾರದ ಸಂತೆಯಲ್ಲಿ ಮೇಲಿನ ಕಾಗದವಿಲ್ಲದ ಒಂದು ಇಂಗ್ಲಿಷ್ ಕ್ಯಾಸೆಟ್ಟು ಸಿಕ್ಕಿತ್ತು. ಯಾರು ಹಾಡಿದ್ದು, ಏನು ಹಾಡಿದ್ದು, ಒಂದೂ ಗೊತ್ತಿಲ್ಲ. ಹಾಗಾಗಿ ಹಾಡುಗಳಿಗೆ ನಂಬರು ಕೊಟ್ಟಿದ್ದೆ. ನಾಲ್ಕನೇದು ನನ್ನ ಪ್ರಾಣ. ಮೊದಲು ಡ್ರಮ್ಮು ಒಂದೇ. ಆಮೇಲೆ ದಪ್ಪ ದನಿಯ ಗಿಟಾರು ಎಮ್ಮೆ ನಡೆದ ಹಾಗೆ ನಿಧಾನ ಬರುತ್ತದೆ. ಅದರ ಮೇಲೆ ಇನ್ನೊಂದು ಗಿಟಾರು ಚೀರುತ್ತದೆ. ಅದನ್ನು ಹಾಕಿದರೆ ನನ್ನ ಹೆಂಡತಿ ಸಿದ್ದಕ್ಕ, "ಯಾರನ್ನೋ ಕೊಲ್ಲಾಕ ಹತ್ಯಾರ, ಬಂದ್ ಮಾಡ್ರಿ," ಎಂದು ಒಳಗಿನಿಂದ ಕೂಗುತ್ತಿದ್ದಳು.

ಎಂಬತ್ತೊಂದರಲ್ಲಿ ಊರ ಹೊರಗಿನ ಮಚ್ಛೆಯ ಕಾರಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಖಾನಾಪುರದ ಹುಡುಗಿಯೊಂದಿಗೆ ಅವನ ಲಗ್ನ. ಮೆರವಣಿಗೆ ಬಜಾರಿಗೆ ಬಂದಾಗ ತನಗೆ ಬೇಕಾದ ಒಂದು ಇಂಗ್ಲಿಷ್ ಹಾಡು ನುಡಿಸಬೇಕು, ಆಗದಿದ್ದರೆ ಬೇರೆ ಬ್ಯಾಂಡು ನೋಡುತ್ತೇನೆ ಎಂದ. ಯಾವುದಪ್ಪಾ ಎಂದರೆ ಗುನುಗಿ ತೋರಿಸಿದ. ನನ್ನ ನಾಲ್ಕನೇದು! ನಾನು ಮಾಸ್ತರರನ್ನು ಕೇಳದೆಯೇ ಹೂಂ ಎಂದುಬಿಟ್ಟೆ.

"ಮಾಸ್ತರ ಕಲಿಯೂದಿಲ್ಲ ಬಿಡು," ಎಂದ ಲಕ್ಷ್ಮಪ್ಪ. "ನೀನ ಮಾಸ್ತರ ಆಗಿಬಿಡು ಗುರಪುತ್ರಾ. ನಾವೆಲ್ಲಾ ನಿನ್ನ ಹಿಂದ ಅದೀವಿ."

ಆ ಮಾತು ನನಗೆ ಬೆಲ್ಲದಷ್ಟು ರುಚಿಸಿತು. ಅದೇ ಸಂಜೆ ಟೇಪ್ ರೆಕಾರ್ಡರ್ ಎತ್ತಿಕೊಂಡು ಮಾಸ್ತರರ ಮನೆಗೆ ಹೋದೆ. "ಮಾಸ್ತರ, ಈ ಹಾಡು ಕಲೀಬೇಕ್ರಿ. ಇಲ್ಲಂದ್ರ ನಿಮ್ಮ ಹಾದಿ ನಿಮಗ, ನಮ್ಮ ಹಾದಿ ನಮಗ." ಹದಿನಾಲ್ಕು ವರ್ಷದಲ್ಲಿ ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ನನ್ನ ಮುಖವನ್ನೇ ನೋಡಿದರು. "ಹಾಕು, ಕೇಳೂಣು," ಎಂದರು. ಹಾಡು ಮುಗಿಯುವ ತನಕ ತಿರುಗುವ ಕ್ಯಾಸೆಟ್ಟನ್ನು ನೋಡುತ್ತ ಕೂತು, "ಇದಕ್ಕ ರಾಗ ಎಲ್ಲೈತಿ?" ಎಂದರು.

ನನ್ನ ಮೈ ಉರಿಯಿತು. ಆದರೂ ಕಡೆಯ ಅವಕಾಶ ಎಂದು, ಬರುವ ರವಿವಾರ ಕ್ಯಾಂಪಿನ ಥೇಟರಿನಲ್ಲಿ ಬೆಳಗಿನ ಆಟಕ್ಕೆ ಇಂಥ ಹಾಡುಗಳ ಇಂಗ್ಲಿಷ್ ಸಿನಿಮಾ ಇದೆ, ದೊಡ್ಡ ಸ್ಪೀಕರಿನಲ್ಲಿ ಕೇಳಿದರೆ ತಿಳಿಯುತ್ತದೆ, ಬರ್ರಿ ಎಂದೆ. ಬಂದರು.

ಸಿನಿಮಾದ ಕಥೆ ಬಿಡಿ. ನಾಲ್ಕು ಉದ್ದ ಕೂದಲಿನ ಹುಡುಗರು, ಒಂದು ಮುರುಕು ವ್ಯಾನು, ಊರೂರು ಅಲೆದಾಟ. ಮೊದಲ ಹಾಡಿನಲ್ಲಿ ಗಿಟಾರು ಚೀರಿದ್ದೇ ತಡ, ಕ್ಯಾಂಪಿನ ಹುಡುಗರು ಸೀಟಿ ಹೊಡೆದರು. ನಾನು ಕತ್ತಲಲ್ಲೇ, "ಹೆಂಗೈತ್ರಿ ಮಾಸ್ತರ?" ಎಂದೆ. ಉತ್ತರವಿಲ್ಲ. ಸಿಟ್ಟಾಗಿದ್ದಾರೆ ಅಂದುಕೊಂಡೆ. "ಚಹಾ ತರಸ್ಲೇನ್ರಿ?" ಎಂದೆ. ಅದಕ್ಕೂ ಇಲ್ಲ. ನನಗೂ ರೇಗಿತು. ಅವರ ಕಿವಿಯ ಹತ್ತಿರವೇ ಬಾಯಿಟ್ಟು, "ನಾ ಬ್ಯಾರೆ ಬ್ಯಾಂಡ್ ಕಟ್ಟಾಂವ ಅದೀನಿ," ಎಂದೆ.

ಅವರು ಪರದೆ ನೋಡುತ್ತಲೇ ಇದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇದು ಸಿಟ್ಟಲ್ಲ, ಬೇರೇನೋ ಎಂದು ಆಗ ಹೊಳೆಯಿತು.

ಪಾವರ್‌ಲೂಮಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುವುದು ನಮಗೆಲ್ಲ ರೂಢಿ, ಹೊರಗೆ ಬಂದರೂ ಅದೇ ಚಾಳಿ. ಹೀಗಾಗಿ ನಮ್ಮೊಳಗೆ ಒಬ್ಬನ ಕಿವಿ ಹೋದರೆ ಹಗಲು ಬೆಳಕಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಅವರ ಜೊತೆ ನಾನು ಎಂದೂ ಮಾತಾಡಿರಲಿಲ್ಲ.

ಮಧ್ಯಂತರಕ್ಕೆ ದೀಪ ಹತ್ತಿದವು. ಅವರು ನನ್ನ ಕಡೆ ತಿರುಗಿ ನಕ್ಕರು. ನಾನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, "ಮಾಸ್ತರ, ನಿಮಗ ಕಿವಿ ಕೇಳಸ್ತಾವೇನ್ರಿ?" ಎಂದು ಕೇಳಿದೆ. ಅವರು ಆ ಟವೆಲ್ಲನ್ನು ಸುಮ್ಮನೆ ನೋಡಿದರು.

"ಬಾಯಿ ಮುಚ್ಚಿಕೊಂಡು ಕೇಳಿದಿ ಅಂದ ಮ್ಯಾಲ ಏನು ಕೇಳಿದಿ ಅನ್ನೂದು ಗೊತ್ತಾತಪಾ," ಎಂದರು.

ಆಮೇಲೆ ಅವರೇ ಹೇಳಿದರು. ಮಾತು ಮುಖ ನೋಡಿದರೆ ತಿಳಿಯುತ್ತದಂತೆ. ಸಣ್ಣ ದನಿ, ಪಿಟೀಲು, ಹೆಣ್ಣುಮಕ್ಕಳ ಹಾಡು, ತಮ್ಮ ಕ್ಲಾರಿಯೋನೆಟ್ಟು, ಯಾವುದೂ ಕೇಳುವುದಿಲ್ಲವಂತೆ. "ಆ ಏಳು ಹಾಡು ಬೆರಳಿಗೆ ಗೊತ್ತದಾವ, ಕಿವಿ ಬೇಕಾಗಿಲ್ಲ. ಹೊಸಾವು ಎಲ್ಲಿಂದ ತರ್ಲಿ? ಒಂದರೆ ಸಿಕ್ಕೀತು ಅಂತ ಮೂರು ಮೂರು ಆಟ ಕುಂತೆ. ಖಾನಾಪುರದ್ದು ನೀನ ಸಂಭಾಳಸು. ನಾ ಬರೂದಿಲ್ಲ."

ಎರಡು ವರ್ಷ ಸಪ್ಪೆ ಎಂದಿದ್ದ ಹಾಡುಗಳೆಲ್ಲ ನನ್ನ ತಲೆಯಲ್ಲಿ ಗಿರಕಿ ಹೊಡೆದವು. ಯಾರ ಮೇಲೆ ಗುರ್ ಅಂದೆನೋ ಆ ಮನುಷ್ಯನ ಎದುರಿಗೆ ಕೂತು ಅತ್ತುಬಿಟ್ಟೆ. "ನೀವು ಬರದಿದ್ರ ನಾನೂ ಹೋಗೂದಿಲ್ರಿ," ಎಂದೆ.

"ಸುಮ್ಮನಿರೋ, ಮಂದಿ ನೋಡಾಕ ಹತ್ಯಾರ. ಸಿನಿಮಾ ಅಷ್ಟೇನು ದುಃಖದ್ದಿಲ್ಲ," ಎಂದರು ಮಾಸ್ತರರು.

ಮಧ್ಯಂತರ ಮುಗಿದು ಮತ್ತೆ ಹಾಡು ಬಂತು. ಡ್ರಮ್ಮೂ ಆ ದಪ್ಪ ಗಿಟಾರೂ ಸೇರಿ ನೆಲ ಅದುರಿತು. ಮಾಸ್ತರರು ಮುಂದಿನ ಕುರ್ಚಿಯ ಹಲಗೆಯ ಮೇಲೆ ಅಂಗೈ ಇಟ್ಟರು. "ಗುರಪುತ್ರಾ, ಇದು ಕೈಯಾಗ ಬರಾಕ ಹತ್ತೇತಿ!" ಎಂದು ಇಡೀ ಥೇಟರಿಗೆ ಕೇಳುವಂತೆ ಕೂಗಿದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೇ ತಿಳಿಯಲಿಲ್ಲ. ನಾಲ್ಕೂ ಕಡೆಯಿಂದ ಮಂದಿ ಶ್ ಶ್ ಎಂದರು. ನಾನು ಮಾತ್ರ ಅವರ ತೋಳು ಹಿಡಿದುಕೊಂಡೆ.

ಹೇಗಾದರೂ ಮಾಡಿ ಅವರಿಗೆ ಆ ಹಾಡು ಕಲಿಸಬೇಕೆಂದು ಹಟ ಹುಟ್ಟಿತು. ಕಲಿಸಿದ್ದು ಮಾತ್ರ ನಾನಲ್ಲ, ಅವರ ಹೆಂಡತಿ ಜೈತುನಬೀ. ಹೆದರಿಕೊಂಡೇ ವಿಷಯ ತೆಗೆದರೆ ಅವರು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ನಿನಗ ಈಗ ತಿಳೀತೇನು ತಮ್ಮಾ? ಎರಡು ವರ್ಷ ಆತು, ನಾ ಅಡಗಿ ಮನ್ಯಾಗಿಂದ ಕರದ್ರ ಬರೂದಿಲ್ಲ. ಕಿವಿ ಹೋತೋ, ನನ್ನ ಮ್ಯಾಲಿನ ಪ್ರೀತಿ ಹೋತೋ, ಮೊದಲ ನನಗೂ ತಿಳೀಲಿಲ್ಲ. ಕಿವಿ ಅಂತ ಗೊತ್ತಾದ ದಿನ ಖರೇ ಹೇಳ್ತೀನಿ, ಜೀವಕ್ಕ ಸಮಾಧಾನ ಆತು."

ಇಪ್ಪತ್ತೈದು ವರ್ಷ ಗಂಡನ ಅಭ್ಯಾಸ ಕೇಳಿ ಕೇಳಿ ಆ ತಾಯಿಗೆ ಸ್ವರಗಳೆಲ್ಲ ಬಾಯಿಪಾಠ. ಕ್ಯಾಸೆಟ್ಟನ್ನು ಚೂರು ಚೂರು ಹಾಕಿಸಿಕೊಂಡು ಕೇಳುವರು, ಸ್ವರ ಹಿಡಿಯುವರು, ಆಮೇಲೆ ಗಂಡನ ಎದುರು ಕೂತು ಬಾಯಿ ಅಗಲ ಮಾಡಿ ಸಾ, ಗ, ಮ ಎನ್ನುವರು. ಮಾಸ್ತರರು ಆ ತುಟಿ ನೋಡಿ ಬೆರಳು ಒತ್ತುವರು. ತಪ್ಪಿದರೆ ಮೊಣಕಾಲಿಗೆ ಪಟ್ಟನೆ ಒಂದು ಏಟು. "ಈ ಹಾಡಾಂವಗ ಹೊಟ್ಟಿ ನೋವು ಎದ್ದೈತಿ, ಯಾರರೆ ಜೀರಗಿ ನೀರು ಕುಡಸ್ರಿ," ಎಂದು ಗೊಣಗುತ್ತಲೇ ಹನ್ನೊಂದು ದಿನ ಆ ಇಂಗ್ಲಿಷ್ ಗಿಟಾರಿನ ಚೀರಾಟವನ್ನೆಲ್ಲ ಗಂಡನ ಬೆರಳಿಗೆ ಇಳಿಸಿದರು. ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂತಿದ್ದನ್ನು ನೋಡಿದರೆ ನನಗೆ ಅಲ್ಲಿ ನಿಲ್ಲಲು ಸಂಕೋಚವಾಗುತ್ತಿತ್ತು, ಬಿಟ್ಟು ಹೋಗಲೂ ಮನಸ್ಸಾಗುತ್ತಿರಲಿಲ್ಲ. ಬ್ಯಾಂಡಿನ ಉಳಿದವರಿಗೆ ಯಾವುದನ್ನೂ ಹೇಳಬಾರದೆಂದು ಮಾಸ್ತರರು ನನ್ನಿಂದ ಮಾತು ತೆಗೆದುಕೊಂಡರು. "ಕಿವುಡ ಮಾಸ್ತರನ ಹಿಂದ ಯಾರು ನಿಂದರ್ತಾರೋ?" ಎಂದರು.

ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋದೆವು. ಮಾರುತಿ ಗುಡಿಯಿಂದ ಲಗ್ನದ ಹಂದರದ ತನಕ ಮೆರವಣಿಗೆ, ಮದುಮಗ ಕುದುರೆಯ ಮೇಲೆ. ಬಜಾರು ಬಂತು. ನಾನು ಮಾಸ್ತರರಿಗೆ ಮುಖ ಮಾಡಿ, ಬೆನ್ನು ಮುಂದಾಗಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಡ್ರಮ್ಮು ಶುರು ಮಾಡಿದೆ. ನನ್ನ ಕೈ ನೋಡಿದರೆ ಅವರಿಗೆ ತಾಳ ಸಿಗಬೇಕಲ್ಲ!

"ಯಾಕಲೇ, ಗಟಾರದಾಗ ಬೀಳ್ತಿ!" ಎಂದ ಲಕ್ಷ್ಮಪ್ಪ.

"ಇಂಗ್ಲಿಷರ ಪದ್ಧತಿ ಹಿಂಗ ಐತಿ," ಎಂದೆ.

ಮಾಸ್ತರರು ಕ್ಲಾರಿಯೋನೆಟ್ಟು ಎತ್ತಿದರು. ನಾಲ್ಕನೇ ನಂಬರು ಖಾನಾಪುರದ ಬಜಾರಿನಲ್ಲಿ ಒಂದು ಸ್ವರ ತಪ್ಪದೆ ಬಂತು. ಮದುಮಗ ಕುದುರೆಯಿಂದ ಹಾರಿ ಬಾಸಿಂಗ ಸಮೇತ ಕುಣಿದ. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ನಾನು ಕಣ್ಣು ಮಂಜಾಗಿ ಎರಡು ಸಲ ಎಡವಿದೆ, ಗಟಾರಕ್ಕೆ ಮಾತ್ರ ಬೀಳಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮಾಸ್ತರರಿಗೆ ಖುಷಿ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ ತಮ್ಮ ಏಳರಲ್ಲಿ ಒಂದು ಹಾಡು ಎತ್ತಿಕೊಂಡರು, ಜೈತುನಬೀಗೆ ಎಲ್ಲಕ್ಕಿಂತ ಸೇರುವಂಥದ್ದು. ಎರಡನೇ ಸಾಲಿಗೆ ಕ್ಲಾರಿಯೋನೆಟ್ಟಿನ ಬಾಯಿಯ ರೀಡು, ಸ್ವರ ಹುಟ್ಟಿಸುವ ಆ ತೆಳು ಪಟ್ಟಿ, ಸೀಳಿತು. ಎಣ್ಣೆ ಕಾಣದ ಬಾಗಿಲಿನಂತೆ ಕಿರ್ ಕಿರ್ ಎಂದು ಕಿರುಚತೊಡಗಿತು. ಅವರಿಗೆ ಅದು ಗೊತ್ತೇ ಇಲ್ಲ. ತಲೆದೂಗುತ್ತ ನುಡಿಸುತ್ತಲೇ ಇದ್ದಾರೆ. ನಾನು ಜೋರಾಗಿ ಬಡಿದು ಮುಚ್ಚಲು ನೋಡಿದೆ. ಆಗಲಿಲ್ಲ. ಬೀಗರು ಕಿವಿ ಮುಚ್ಚಿಕೊಂಡರು, ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು. ಲಕ್ಷ್ಮಪ್ಪ ತುತ್ತೂರಿ ಕೆಳಗಿಳಿಸಿ ಮಾಸ್ತರರನ್ನೂ ನನ್ನನ್ನೂ ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು.

ಮಾಸ್ತರರು ಕಣ್ಣು ತೆರೆದರು. ಮಂದಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ನನಗೆ ಸುಳ್ಳು ನಗೆ ತರಲು ಆಗಲಿಲ್ಲ.

ನಡುಬಜಾರಿನಲ್ಲಿ ಬ್ಯಾಂಡು ನಿಂತಿತು. ಇನ್ನು ಈ ಮನುಷ್ಯ ಹೀಗೇ ಸ್ಟೇಶನ್ನಿನ ಕಡೆ ನಡೆದುಬಿಡುತ್ತಾರೆ, ಮತ್ತೆ ಬರುವುದಿಲ್ಲ ಎಂದುಕೊಂಡೆ. ಅವರು ಕ್ಲಾರಿಯೋನೆಟ್ಟನ್ನು ಕೋಟಿನ ಅಂಚಿನಿಂದ ಒರೆಸಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಮಾಸ್ತರನ ಗುರುತಾದ ಜರಿಯ ಟೋಪಿ ತೆಗೆದು ನನ್ನ ತಲೆಗೆ ಇಟ್ಟರು.

"ಮಾಸ್ತರ ಇನ್ನ ನೀನು. ನಿನಗ ಬೇಕಾಗಿತ್ತಲ್ಲ," ಎಂದರು. ಮಾತಿನಲ್ಲಿ ಕುಟುಕು ಇರಲಿಲ್ಲ. ಆಮೇಲೆ ನನ್ನ ಎದೆಯ ಕಡೆ ಬೆರಳು ತೋರಿಸಿದರು. "ಅದನ್ನ ನನಗ ಕೊಡು."

ಆ ಡ್ರಮ್ಮನ್ನು ನಾನು ಯಾರಿಗೂ ಮುಟ್ಟಗೊಟ್ಟವನಲ್ಲ. ಸಿದ್ದಕ್ಕ ಅದರ ಧೂಳು ಒರೆಸಿದರೂ ಜಗಳ ತೆಗೆಯುತ್ತಿದ್ದೆ. ಟೋಪಿ ಬೇಕೆಂದು ಎಷ್ಟು ಹಂಬಲಿಸಿದ್ದೆನೋ, ಆ ಗಳಿಗೆಗೆ ಅದರ ಭಾರ ಕುತ್ತಿಗೆ ಮುರಿಯುವಂತಿತ್ತು. ಪಟ್ಟಿಯ ಗುಂಡಿಯನ್ನು ಲಕ್ಷ್ಮಪ್ಪನೇ ಬಂದು ತೆಗೆದ. ಇಬ್ಬರೂ ಸೇರಿ ಅದನ್ನು ಮಾಸ್ತರರ ಎದೆಗೆ ಕಟ್ಟಿದೆವು.

"ನಾಲ್ಕನೇದನ್ನ ತುತ್ತೂರಿ ಮ್ಯಾಲ ಹಿಡಿ ಲಕ್ಷ್ಮಪ್ಪಾ. ಮದುಮಗ ಕಾಯಾಕ ಹತ್ಯಾನ," ಎಂದರು ಮಾಸ್ತರರು.

ಬಡಿದರು. ತಾಳಕ್ಕಿಂತ ಮುಂಚೆ ಬಡಿದರು, ತೀರಾ ಜೋರಾಗಿ ಬಡಿದರು. ನಾನು ಅವರ ಬಾಜೂಕ್ಕೆ ನಿಂತು ಬೆನ್ನಿನ ಮೇಲೆ ಅಂಗೈಯಿಂದ ತಾಳ ಹಾಕಿದೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅವರ ಕೈ ನನ್ನ ಕೈಗೆ ಕೂಡಿಕೊಂಡಿತು. ಮೆರವಣಿಗೆ ಮುಂದೆ ಸರಿಯಿತು. ಅವರು ಯಾರ ಮುಖವನ್ನೂ ನೋಡದೆ ರಸ್ತೆಯನ್ನಷ್ಟೇ ನೋಡುತ್ತ ಹೇಳಿದರು.

"ಕೇಳಸಾಕ ಹತ್ತೇತಿ ಗುರಪುತ್ರಾ. ಹಂದರ ಬಂದ್ರೂ ನಿಲ್ಲಸಬ್ಯಾಡ್ರಿ."