ನಿಂತಾಗಿನ ನಡುಕ

ಮತ್ತೆ ನಡುಗಿತು. ಕೀಲಿ ತಿರುವಿದ ಕೂಡಲೆ ಎಂಜಿನ್ ಶುರುವಾಯಿತು, ಒಂದು ಗಳಿಗೆ ಮರ್ಯಾದಸ್ಥನ ಹಾಗೆ ಸುಮ್ಮನಿತ್ತು, ಆಮೇಲೆ ಚಳಿಜ್ವರ ಬಂದವರಂತೆ ನಡುಗತೊಡಗಿತು. ಕನ್ನಡಿಯಲ್ಲಿ ಸತ್ಯಬೋಧನ ಮುಖ ಎರಡಾಗಿ ಕಂಡಿತು. ಎರಡರಲ್ಲಿ ಯಾವುದೂ ಅವನಿಗೆ ಸೇರಲಿಲ್ಲ.

ಅವನು ನವನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ನಿಂತ ವಸ್ತು ನಿಂತೇ ಇರುತ್ತದೆ ಎಂದು ಹದಿನೇಳು ವರ್ಷಗಳಿಂದ ಬರೆಸುತ್ತ ಬಂದಿದ್ದ. ನಲವತ್ತೆರಡನೆಯ ವಯಸ್ಸಿನಲ್ಲಿ, ಯಾರೂ ಬೇಡಿಕೊಂಡಿರದಿದ್ದರೂ, ಈ ಹಳೆಯ ಸಣ್ಣ ಕಾರು ಕೊಂಡು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಒಂದನ್ನು ಪುಣೆಯಿಂದ ತರಿಸಿ ಕೂಡಿಸಿದ. ಜೊತೆಗೆ ಒಂದು ವಾಲ್ವ್. ತುತ್ತೂರಿಯ ಬಾಯಿಯಂತೆ ಮೇಲ್ಮುಖವಾಗಿ ನಿಂತ ಅದು, ವೇಗದಲ್ಲಿ ಎಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೆ ಹೆಚ್ಚಾದ ಗಾಳಿಯನ್ನು ‘ಫಿಶ್ಶ್’ ಎಂದು ಹೊರಗೆ ಬಿಡುತ್ತಿತ್ತು. ಓಣಿಯಲ್ಲಿ ನೂರು ಹೆಜ್ಜೆಗೊಂದು ಹಂಪ್ ಇದ್ದುದರಿಂದ ಕಾರು ಓಡಿದ್ದಕ್ಕಿಂತ ಸೀನಿದ್ದೇ ಹೆಚ್ಚು.

ಓಡುವಾಗ ತಕರಾರಿರಲಿಲ್ಲ. ನಿಂತರೆ ನಡುಕ.

ಈ ನಡುಕದ ದೆಸೆಯಿಂದಲೇ ಅವನ ಹೆಂಡತಿ ವಂದನಾ ಬಾದಾಮಿಯ ತವರಿನಲ್ಲಿ ಉಳಿದು ಇಪ್ಪತ್ತೆರಡು ದಿನಗಳಾಗಿದ್ದವು. ಅವಳ ತಂದೆ ಅನಂತರಾಯರನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಾದಾಮಿ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಎಮ್ಮೆಗೆ ದಾರಿ ಬಿಡಲು ನಿಂತಿದ್ದಾಗ, ಮಾವನ ಕಟ್ಟಿಸಿದ ಹಲ್ಲುಗಳು ಬಾಯಲ್ಲೇ ಕಟಕಟ ಎನ್ನತೊಡಗಿದವು. ಕಬ್ಬಿನ ಹಾಲು ಕುಡಿಯುತ್ತಿದ್ದ ಐದಾರು ಜನ ಗ್ಲಾಸು ಕೆಳಗಿಟ್ಟು ನಕ್ಕರು. ಎಮ್ಮೆಯೂ ನಿಂತು ನೋಡಿತು. ವಂದನಾ ಇಳಿದು ತಂದೆಯ ಕೈ ಹಿಡಿದಳು.

“ಮೊದಲ ಸುಮ್ಮನ ನಿಂದ್ರೂದು ಆಗ್ಲಿ. ಆಮ್ಯಾಲೆ ನನ್ನ ಕರೀಲಿಕ್ಕೆ ಬರ್ರಿ.”

ಕಾರಿನ ಬಗ್ಗೆಯೇ ಹೇಳಿದಳೆಂದು ಅವನು ತಿಳಿದುಕೊಂಡ. ಹಾಗೆ ತಿಳಿಯುವುದು ಸುಲಭವಾಗಿತ್ತು.

ಅಂದಿನಿಂದ ದಿನಾ ಸಂಜೆ ಏಳಕ್ಕೆ ಅವಳ ಫೋನು.

“ಏನಾತು?”

“ಪ್ಲಗ್ ಬದಲಿ ಮಾಡ್ಸಿದೆ.”

“ನಿಂತದ?”

“ಇಲ್ಲ.”

ಮರುದಿನ ಕಾಯಿಲ್. ಅದರ ಮರುದಿನ ಎಂಜಿನ್ ಕೂಡುವ ರಬ್ಬರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ಇಪ್ಪತ್ತೆರಡು ದಿನ ಬಿಡದೆ ಮಾತಾಡಿದ್ದು ಇದೇ ಮೊದಲು. ಫೋನು ಬರುವ ಮುಂಚೆ ಅವನು ತಲೆ ಬಾಚಿಕೊಳ್ಳುತ್ತಿದ್ದ.

“ಖಂಡೇನವಮಿ ಪೂಜಾ ಆದ ಮರುದಿನದಿಂದನ ಈ ರೋಗ ಸುರು ಆಗೇದ ನೋಡೋ ಸತ್ಯಾ,” ಎಂದಳು ತಾಯಿ ಸರಸ್ವತೀಬಾಯಿ, ಬಾಗಿಲ ಮೆಟ್ಟಿಲ ಮೇಲೆ ಬತ್ತಿ ಹೊಸೆಯುತ್ತ.

“ಅವ್ವಾ, ಎಂಜಿನ್ನಿಗೂ ಪೂಜಾಕ್ಕೂ ಏನ್ ಸಂಬಂಧ?”

“ನನಗೇನ್ ಗೊತ್ತು. ನೀ ಕಲತಾಂವ. ನಾ ನೋಡಿದ್ದು ಹೇಳ್ದೆ.”

ಆಯುಧಪೂಜೆಯ ಆ ದಿನ ಅವಳು ಮುಚ್ಚಿದ ಬಾನೆಟ್ಟಿಗೆ ಪೂಜೆ ಮಾಡಲು ಒಪ್ಪಿರಲಿಲ್ಲ. ಕದ ಹಾಕಿದ ಗುಡಿಗೆ ಯಾರಾದರೂ ಅಕ್ಷತೆ ಹಾಕುತ್ತಾರೇನೋ ಎಂದು ಜಬರಿಸಿ, ಬಾನೆಟ್ ಎತ್ತಿಸಿ, ಮಠದಿಂದ ತಂದ ಮಂತ್ರಾಕ್ಷತೆಯನ್ನು ಎಂಜಿನ್ನಿನ ಮೇಲೆ ಧಾರಾಳವಾಗಿ ತೂರಿದ್ದಳು. ಸತ್ಯಬೋಧ ಕಾರಿಗೆಂದು ಇಟ್ಟ ವಹಿಯ ಮೊದಲ ಸಾಲಿನಲ್ಲೇ ‘ತೊಂದರೆ ಶುರು: ನವಮಿಯ ಮರುದಿನ’ ಎಂದು ಬರೆದಿಟ್ಟಿದ್ದ. ಕೆಳಗೆ ಹನ್ನೊಂದು ಪುಟ ಕಾರಣಗಳಿದ್ದವು. ತಾಯಿಯ ಮಾತು ಮಾತ್ರ ಅದರಲ್ಲಿರಲಿಲ್ಲ. ಮೂಢನಂಬಿಕೆಗೆ ಅವನು ಕಾಗದ ಹಾಳು ಮಾಡುವವನಲ್ಲ.

ಅಂದು ಭಾನುವಾರ. ಕಲಾದಗಿ ರಸ್ತೆಯ ಗ್ಯಾರೇಜಿನಲ್ಲಿ ಮುದುಕ ಮುರ್ತುಜಸಾಬ ಕಣ್ಣು ಮುಚ್ಚಿಕೊಂಡು ವಹಿಯ ಹನ್ನೊಂದೂ ಪುಟ ಓದಿಸಿ ಕೇಳಿದ.

“ಭಾಳ ಚಲೋ ಬರದೀರಿ ಸರ. ಬಾನೆಟ್ ಎತ್ರಿ.”

ಎತ್ತಿದ. ಮುರ್ತುಜಸಾಬ ಊದಿನಕಡ್ಡಿ ಎರಡು ಹಚ್ಚಿಕೊಂಡು ನಡುಗುತ್ತಿದ್ದ ಎಂಜಿನ್ನಿನ ಸುತ್ತ ನಿಧಾನವಾಗಿ ತಿರುಗಿಸತೊಡಗಿದ. ಸತ್ಯಬೋಧನಿಗೆ ಮೈ ಉರಿದುಹೋಯಿತು.

“ಸಾಬ್ರ, ಪೂಜಾ ಮನ್ಯಾಗ ಆಗೇದ.”

“ಪೂಜಾ ಅಲ್ರಿ ಸರ. ಹೊಗಿ ಎಲ್ಲಿ ಒಳಗ ಹೊಕ್ಕೈತಿ ನೋಡ್ರಿ.”

ಎಲ್ಲ ಕಡೆ ಹೊಗೆ ಮೇಲಕ್ಕೇರಿತು. ತುತ್ತೂರಿಯ ಬಾಯಿಯ ಹತ್ತಿರ ಬಂದಾಗ ಮಾತ್ರ ಬಾಗಿ, ಸದ್ದಿಲ್ಲದೆ ಒಳಗೆ ಇಳಿಯಿತು.

“ಇದು ಗಾಳಿ ಬಿಡೂ ಬಾಯಿ. ಎಳಕೊಳ್ಳಾಕತ್ತೈತಿ. ಕದ ಪೂರಾ ಮುಚ್ಚಿಲ್ಲರಿ, ಅದಕ್ಕ ನಡುಗತೈತಿ.”

ಎರಡು ಬೆರಳಿನಿಂದ ಕ್ಲಿಪ್ಪು ಒತ್ತಿ ವಾಲ್ವನ್ನು ಬಿಚ್ಚಿಕೊಂಡ. ಅಂಗೈಗೆ ತಟ್ಟಿದ. ಒಂದು ಅಕ್ಕಿಕಾಳು ಬಿತ್ತು. ಎಣ್ಣೆ ಹತ್ತಿ ಕಪ್ಪಾಗಿದ್ದರೂ ಒಂದು ಬದಿಗೆ ಅರಿಸಿನ ಇನ್ನೂ ಉಳಿದಿತ್ತು.

ಗುಡ್ಡ ಅಗೆದು ಇಲಿ ಹಿಡಿದ ಹಾಗಾಗಿತ್ತು. ಇಲಿಯಾದರೂ ಆಗಿದ್ದರೆ ಸತ್ಯಬೋಧನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವ್ವನಿಗೆ ಹೇಳಬಾರದೆಂದು ಅಲ್ಲಿಯೇ ನಿರ್ಧರಿಸಿದ.

ಮುರ್ತುಜಸಾಬ ಕಾಳನ್ನು ಕಾಗದದಲ್ಲಿ ಮಡಿಸಿ ಕೊಟ್ಟ. “ದೇವರದು ಐತ್ರಿ. ಕಾಲಾಗ ಬೀಳಬಾರದು. ಕಿಸೇದಾಗ ಇಟ್ಕೋರಿ.”

ಕ್ಲಿಪ್ಪು ಮತ್ತೆ ಕೂತಿತು. ಎಂಜಿನ್ನಿನ ಮೇಲೆ ಚಹಾದ ಗ್ಲಾಸು ಇಟ್ಟು ಚಾಲೂ ಮಾಡಿದರು. ಚಹಾದ ಕೆನೆ ಕದಲಲಿಲ್ಲ.

ಬಾದಾಮಿಯ ದಾರಿಯಲ್ಲಿ ಗುಳೇದಗುಡ್ಡ ದಾಟುವವರೆಗೆ ಸತ್ಯಬೋಧನಿಗೆ ಖುಷಿಯಾಗಿಯೇ ಇತ್ತು. ಆಮೇಲೆ ಏನೋ ಮರೆತು ಬಂದ ಹಾಗೆನಿಸಿತು. ಪಾಕೀಟು ಇತ್ತು, ಫೋನು ಇತ್ತು, ಚಷ್ಮಾ ಮೂಗಿನ ಮೇಲೆಯೇ ಇತ್ತು. ಸಂಜೆ ಏಳಕ್ಕೆ ಏನು ಹೇಳಲಿ ಎಂದು ರೂಢಿಯಂತೆ ಯೋಚಿಸಹೋದವನಿಗೆ, ಇವತ್ತು ಫೋನು ಬರುವುದಿಲ್ಲ ಎಂಬುದು ನೆನಪಾಯಿತು.

ಬಾದಾಮಿಯಲ್ಲಿ ಅನಂತರಾಯರು ಪರೀಕ್ಷೆ ಮಾಡದೆ ಮಗಳನ್ನು ಕಳಿಸುವವರಲ್ಲ. ಚಾಲೂ ಇದ್ದ ಕಾರಿನ ಮುಂದಿನ ಸೀಟಿನಲ್ಲಿ ಕೂತು, ತುಟಿ ತೆರೆದು, ಹಲ್ಲು ಸಡಿಲ ಬಿಟ್ಟು, ಇಪ್ಪತ್ತು ಎಣಿಸುವವರೆಗೆ ಕಾಯ್ದರು. ಹಲ್ಲು ಸದ್ದು ಮಾಡಲಿಲ್ಲ.

“ಗುಣ ಆಗೇದ,” ಎಂದು ಇಳಿದರು.

ವಂದನಾ ಚೀಲ ಹಿಡಿದುಕೊಂಡು ನಿಂತಿದ್ದಳು.

“ಏನಾಗಿತ್ತು?”

“ಒಂದು ಸಣ್ಣದು ಸಿಕ್ಕೊಂಡಿತ್ತು.”

“ಎಷ್ಟ ಸಣ್ಣದು?”

“ಸಣ್ಣದ.”

ಅವಳು ಹತ್ತಿ ಕೂತಳು. ಅಂದುಕೊಂಡದ್ದೆಲ್ಲ ಆಗಿತ್ತು. ಹೆಂಡತಿ ಮನೆಗೆ ಬರುತ್ತಿದ್ದಳು.

ಊರು ದಾಟಿದ ಮೇಲೆ ರೈಲ್ವೆ ಗೇಟು ಹಾಕಿತ್ತು. ಎಲ್ಲರೂ ಗಾಡಿ ಬಂದ್ ಮಾಡಿದರು. ಸತ್ಯಬೋಧ ಮಾಡಲಿಲ್ಲ. ಅವಳಿಗೆ ಗೊತ್ತಾಗಲಿ ಎಂದು ಎಂಜಿನ್ ಹಾಗೆಯೇ ಬಿಟ್ಟ.

“ಸಪ್ಪಳ ಇಲ್ಲ ನೋಡು.”

“ಇಲ್ಲ.”

“ನಡುಕಾನೂ ಇಲ್ಲ.”

“ಹೂಂ.”

ಮುಂದಿನ ಮಾತಿಗಾಗಿ ಹುಡುಕಿದ. ಪಕ್ಕದ ಟ್ರ್ಯಾಕ್ಟರಿನ ಮೇಲೆ ಒಬ್ಬ ಆಕಳಿಸಿದ, ಅದನ್ನು ಹೇಳುವಂತಿರಲಿಲ್ಲ. ಕಾರಿನೊಳಗೆ ಅವಳ ಬಳೆ ಸರಿದದ್ದೂ ಕೇಳಿಸುವಷ್ಟು ನಿಶ್ಶಬ್ದವಿತ್ತು. ಇಷ್ಟು ದಿನ ಈ ನಡುಕದ ಹಿಂದೆ ಇಂಥದೊಂದು ಕೂತಿತ್ತೆಂದು ಅವನಿಗೆ ತಿಳಿದಿರಲಿಲ್ಲ.

“ಇಪ್ಪತ್ತೆರಡು ದಿನ ಅಲ್ಲಿ ನಾ ಏನ್ ಮಾಡಿದೆ ಅಂತ ಕೇಳಂಗಿಲ್ಲೇನ್ರಿ?” ಎಂದಳು ವಂದನಾ, ಕಿಟಕಿಯ ಕಡೆ ಮುಖ ಮಾಡಿ.

“ಏನ್ ಮಾಡಿದಿ?”

“ಏನಿಲ್ಲ.”

ಮತ್ತೆ ಅವಳೇ ಕೇಳಿದಳು. “ನೀವು?”

ಪ್ಲಗ್, ಕಾಯಿಲ್, ರಬ್ಬರು ಎಲ್ಲ ಹೇಳಿಯಾಗಿತ್ತು. ಬೇರೇನನ್ನೂ ಅವನು ಮಾಡಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಇನ್ನೂ ಮೂವತ್ತು ವರ್ಷ ಹೀಗೆ, ಇಷ್ಟು ಚೆನ್ನಾಗಿ ರಿಪೇರಿಯಾದ ಕಾರಿನಲ್ಲಿ, ಇವಳ ಪಕ್ಕದಲ್ಲಿ ಕೂತಿರಬೇಕು.

ಬಾಗಿಲು ತೆರೆದು ಇಳಿದ.

“ಯಾಕ್ರಿ? ಏನಾತು?”

“ಏನೋ ಸಪ್ಪಳ ಬಂತು.”

“ನನಗ ಕೇಳ್ಸಲಿಲ್ಲಲಾ.”

“ನಿನಗ ಕೇಳ್ಸಂಗಿಲ್ಲ ಅದು.”

ಬಾನೆಟ್ ಎತ್ತಿದ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವಳ ಕೈಗಳು, ಕೈಗಳಲ್ಲಿ ಹಿಡಿದ ಚೀಲ ಇಷ್ಟೇ ಕಂಡವು. ಕಿಸೆಯಿಂದ ಕಾಗದ ತೆಗೆದು ಬಿಚ್ಚಿ, ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡ. ಇನ್ನೊಂದು ಕೈಯ ಎರಡು ಬೆರಳು ವಾಲ್ವಿನ ಕ್ಲಿಪ್ಪಿನ ಮೇಲೆ ಹೋದವು.

ರೈಲು ಹಾದುಹೋಯಿತು. ಗೇಟು ಎದ್ದಿತು. ಹಿಂದಿನ ಗಾಡಿಗಳೆಲ್ಲ ಒಮ್ಮೆಲೇ ಹಾರ್ನು ಬಾರಿಸತೊಡಗಿದವು. ಟ್ರ್ಯಾಕ್ಟರಿನವನು ಹಾದುಹೋಗುತ್ತ ಏನೋ ಬೈದ.

“ಸಿಕ್ತೇನ್ರಿ?” ವಂದನಾ ಒಳಗಿನಿಂದ ಕೂಗಿದಳು. ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ, ಅದೇ ಕಾಳಜಿ. ಅವನ ಕಣ್ಣು ತುಂಬಿ ಬಂದವು.

ಚಾಲೂ ಇದ್ದ ಎಂಜಿನ್ ಒಂದಿಷ್ಟೂ ಅಲುಗದೆ ನಿಂತಿತ್ತು. ಅಂಗೈ ಮೇಲಿನ ಅಕ್ಕಿಕಾಳು ಮಾತ್ರ ಕುಣಿಯುತ್ತಿತ್ತು.